ಕೊನೆಯ ಕಟ್ಟು ಇನ್ನೂ ಮೆಣಸೆಯಲ್ಲಿದೆ

ಕೊಪ್ಪದ ಬಸ್ ನಿಲ್ದಾಣದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮುಚ್ಚಿದ ಹಣ್ಣಿನಂಗಡಿಯ ಮುಂದಿನ ಕಟ್ಟೆಯ ಮೇಲೆ ಭಾಗ್ಯ ಪೇಪರ್ ಕಟ್ಟುಗಳನ್ನು ಹರವಿಕೊಂಡು ಕೂತಿದ್ದಾರೆ. ತಲೆಗೆ ಮಫ್ಲರ್, ಕಾಲಿಗೆ ಸಾಕ್ಸಿನ ಮೇಲೆ ಹವಾಯಿ ಚಪ್ಪಲಿ. ಕಟ್ಟನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಸುತಳಿ ಬಳಸಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂಥ ಗಂಟು ಹಾಕುತ್ತಾರೆ. ಕೈಯ ಕಡೆ ನೋಡುವುದಿಲ್ಲ, ಕಣ್ಣು ಶೃಂಗೇರಿ ಬಸ್ಸಿನ ಮೇಲೆ.

ಕಂಡಕ್ಟರ್ ಲೋಕೇಶ ಬಸ್ಸಿನಿಂದ ಇಳಿಯುವ ಮೊದಲೇ ಪ್ರಶ್ನೆ ಹೋಗುತ್ತದೆ. "ನಿನ್ನೆ ವಾಪಸ್ ಬರುವಾಗ ಮೆಣಸೆಯಲ್ಲಿ ಏನಾದ್ರೂ ಕೊಟ್ರಾ?"

"ಇಲ್ಲ ಭಾಗ್ಯಕ್ಕ. ದಿನಾ ಇದನ್ನೇ ಕೇಳ್ತೀರಿ. ನಂಗೆ ಕನಸಲ್ಲೂ ನೀವು ಬಂದು ಇದನ್ನೇ ಕೇಳ್ತೀರಿ."

"ಕನಸಲ್ಲಿ ಯಾರಾದ್ರೂ ಕೊಟ್ರೆ ಅದನ್ನಾದ್ರೂ ತಗೊಂಡ್ ಬಾ ಮಾರಾಯ."

ಅವರು ಕಾಯುತ್ತಿರುವುದು ಬಾಕಿ ಹಣಕ್ಕಲ್ಲ, ಬಂಧುಗಳ ಸುದ್ದಿಗೂ ಅಲ್ಲ. ಮಕ್ಕಳ ಕತೆಪುಸ್ತಕವೊಂದರ ಕೊನೆಯ ಹಾಳೆಗಳಿಗೆ.

ನಾವು ಮಕ್ಕಳನ್ನು ಎಬ್ಬಿಸಿ, ಡಬ್ಬಿಗೆ ಚಿತ್ರಾನ್ನ ತುಂಬಿ, ಒಂಟಿ ಸಾಕ್ಸಿನ ಜೋಡಿ ಹುಡುಕುತ್ತ ಬಾಗಿಲು ತೆಗೆಯುವಾಗ ಪೇಪರ್ ಜಗಲಿಯ ಮೇಲೆ ಬಿದ್ದಿರುತ್ತದೆ. ಹಾಕಿದವರ ಮುಖ ಎಷ್ಟು ಮನೆಯವರಿಗೆ ಗೊತ್ತು? ಮಾವ ಸುಬ್ಬಯ್ಯನವರ ಮಂಡಿ ಕೈಕೊಟ್ಟಾಗ ಅವರ ಪೇಪರ್ ಏಜೆನ್ಸಿಯ ಸ್ಕೂಟರು ಭಾಗ್ಯ ಅವರ ಕೈಗೆ ಬಂತು. ಶೆಟ್ಟಿಕೊಪ್ಪದ ಕಡೆಗೆ ಅವರೇ ಹೋಗುತ್ತಾರೆ. ಶೃಂಗೇರಿ ದಾರಿಯ ಕಟ್ಟುಗಳು ಲೋಕೇಶನ ಬಸ್ಸಿಗೆ. ಮೊದಲು ಸ್ಕೂಟರಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲವಂತೆ. "ಈಗ ಕಾಲು ಚಾಚ್ಕೊಂಡು ಹೋಗ್ಬಹುದು," ಎಂದು ನಗುತ್ತಾರೆ. ಎಲ್ಲರೂ ಫೋನಿನಲ್ಲಿ ಓದುತ್ತಾರೆ. ಕಟ್ಟುಗಳು ವರ್ಷದಿಂದ ವರ್ಷಕ್ಕೆ ತೆಳುವಾಗಿವೆ.

ಪುಸ್ತಕದ ಕತೆ ಶುರುವಾದದ್ದು ಒಂದು ವರ್ಗಾವಣೆಯಿಂದ. ಕೊಪ್ಪದಲ್ಲಿದ್ದ ಅಧಿಕಾರಿಯೊಬ್ಬರು ಮಗಳಿಗೆಂದು ಏಜೆನ್ಸಿಯ ಮೂಲಕ ಒಂದು ಪುಸ್ತಕ ತರಿಸಿದ್ದರು. ಅದು ಬರುವಷ್ಟರಲ್ಲಿ ಅವರು ಬೇರೆ ಊರಿಗೆ ಹೋಗಿಯಾಗಿತ್ತು. "ಇರುವಂತಿಯ ದೋಣಿ" ಎಂಬ ಸರಣಿಯ ಮೊದಲ ಭಾಗ ಅದು. ಇರುವಂತಿ ಎಂಬ ಹುಡುಗಿ, ಮಾತಾಡುವ ನೀರುನಾಯಿಯೊಂದು ನಡೆಸುವ ದೋಣಿ ಹತ್ತಿ, ಕಳೆದುಹೋದವೆಲ್ಲ ಹೋಗಿ ಸೇರುವ ನಾಡಿಗೆ ತಮ್ಮನನ್ನು ಹುಡುಕಿಕೊಂಡು ಹೋಗುತ್ತಾಳೆ. ಶೆಟ್ಟಿಕೊಪ್ಪದಲ್ಲಿ ಡೇರಿಗೆ ಹಾಲು ಹಾಕಲು ಕಾಯುತ್ತಿದ್ದ ಮಕ್ಕಳು ಸ್ಕೂಟರಿನಲ್ಲಿ ಅದರ ರಟ್ಟು ನೋಡಿದ್ದೇ ತಡ, "ನಂಗೆ, ನಂಗೆ" ಎಂದು ಮುತ್ತಿದರು. ಪುಸ್ತಕ ಒಂದು, ಕೈ ಹತ್ತಾರು.

ಭಾಗ್ಯ ಆಗ ಮಾಡಿದ್ದು ಪೇಪರಿನವರಿಗೆ ಮಾತ್ರ ಹೊಳೆಯುವ ಕೆಲಸ. ಮನೆಗೆ ಹೋಗಿ ಬ್ಲೇಡಿನಿಂದ ಪುಸ್ತಕದ ಹೊಲಿಗೆ ಬಿಚ್ಚಿದರು. ಪುರವಣಿಗಳ ಹಾಗೆ ತೆಳ್ಳಗಿನ ಕಟ್ಟುಗಳಾಗಿ ಬೇರೆ ಮಾಡಿ, ಹಳೇ ಪೇಪರು ಸುತ್ತಿ, ಸುತಳಿ ಕಟ್ಟಿ, ಮೊದಲ ಕಟ್ಟನ್ನು ಮೊದಲ ಮನೆಗೆ ಹಾಕಿದರು. ಮರುದಿನ ಅದು ಮುಂದಿನ ಮನೆಗೆ, ಎರಡನೆಯ ಕಟ್ಟು ಈ ಮನೆಗೆ, ಹೀಗೆ ಸಾಲಾಗಿ. ಶೆಟ್ಟಿಕೊಪ್ಪದ ಸುತ್ತು ಮುಗಿದ ಕಟ್ಟು ಲೋಕೇಶನ ಬಸ್ಸಿನಲ್ಲಿ ಶೃಂಗೇರಿ ದಾರಿಯ ಮೆಣಸೆಗೆ. "ನೋಡಿದೋರು ಬೈದ್ರು, ಪುಸ್ತಕ ಕೊಯ್ದಳು ಅಂತ. ಹಲಸಿನಹಣ್ಣು ಕೊಯ್ಯದೆ ಹಂಚ್ಲಿಕ್ಕೆ ಆಗ್ತದಾ?"

ಮುಂದಿನ ಭಾಗಗಳನ್ನು ಅವರೇ ತರಿಸಿ ಹಾಗೆಯೇ ಹಂಚಿದರು. ತಪ್ಪೂ ಆಗಿದೆ. ಮೂರನೇ ಪುಸ್ತಕದಲ್ಲಿ ಕಟ್ಟುಗಳು ಅದಲುಬದಲಾಗಿ, ನೀರುನಾಯಿ ಸುಳಿಯಲ್ಲಿ ಮುಳುಗುವ ಮೊದಲೇ ಶೆಟ್ಟಿಕೊಪ್ಪದ ಮಕ್ಕಳು ಅದು ಬದುಕಿ ಬಂದದ್ದನ್ನು ಓದಿಬಿಟ್ಟರು. ಆ ಕತೆಯಲ್ಲಿ ನೀರುನಾಯಿಗಳು ಎರಡಿವೆ ಎಂದು ಪ್ರದೀಪ ಎಂಬ ಹುಡುಗ ಈಗಲೂ ವಾದಿಸುತ್ತಾನೆ. ಆಗ ಮೂರನೇ ಕ್ಲಾಸಿನಲ್ಲಿದ್ದವನಿಗೆ ಈಗ ಮೀಸೆ ಚಿಗುರಿದೆ.

ಈ ವರ್ಷ ಏಳನೆಯ, ಕೊನೆಯ ಪುಸ್ತಕ ಬಂತು. ಇರುವಂತಿ ತಮ್ಮನನ್ನು ಕರೆದುಕೊಂಡು ಈ ದಡಕ್ಕೆ ಬರುತ್ತಾಳೋ, ಅಲ್ಲೇ ಉಳಿಯುತ್ತಾಳೋ ಎಂಬುದಷ್ಟೇ ಉಳಿದ ಪ್ರಶ್ನೆ. ಶೆಟ್ಟಿಕೊಪ್ಪದವರದ್ದೆಲ್ಲ ಓದಿ ಆಗಿದೆ. ಈಗ ಡೇರಿಯ ಮುಂದೆ ಹಾಲಿನ ಕ್ಯಾನುಗಳ ನಡುವೆ ದಿನಾ ಆ ಕೊನೆ ಚೆನ್ನಾಗಿದೆಯೋ ಇಲ್ಲವೋ ಎಂಬ ಜಗಳ. ಭಾಗ್ಯ ಸ್ಕೂಟರ್ ನಿಲ್ಲಿಸಿದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಅವರಿನ್ನೂ ಓದಿಲ್ಲ. 'ಬಡಿಸುವವಳು ಕೊನೆಗೆ ಉಣ್ಣಬೇಕು' ಎಂಬುದು ಮೊದಲ ಪುಸ್ತಕದಿಂದ ಅವರೇ ಹಾಕಿಕೊಂಡ ನಿಯಮ. ಓದದವರಿಗೆ ಕೊನೆ ಹೇಳಬಾರದು ಎಂಬುದು ಮಕ್ಕಳ ನಿಯಮ.

"ಚೆನ್ನಾಗಿಲ್ಲ ಭಾಗ್ಯಕ್ಕ," ಎನ್ನುತ್ತಾನೆ ಪ್ರದೀಪ. "ಇಷ್ಟು ವರ್ಷ ಕಾಯಿಸಿ ಹಾಗಾ ಮಾಡೋದು?"

"ಹೇಗೆ ಮಾಡಿದ್ರು?"

"ಹೇಳಲ್ಲ."

"ಚೆನ್ನಾಗಿದೆ, ಸುಮ್ನಿರೋ," ಪಕ್ಕದ ಮನೆಯ ಮೇಘನ ಅವನ ಬೆನ್ನಿಗೆ ಗುದ್ದುತ್ತಾಳೆ. "ನಾನು ಅತ್ತುಬಿಟ್ಟೆ, ಭಾಗ್ಯಕ್ಕ. ಅತ್ತ ಮೇಲೆ ಸರಿ ಅನ್ನಿಸ್ತು. ಬೇರೆ ಥರ ಮುಗಿದಿದ್ರೆ ಸುಳ್ಳಾಗ್ತಿತ್ತು."

"ಇವಳಿಗೆ ಅಳು ಬಂದ್ರೆ ಎಲ್ಲಾ ಚೆನ್ನಾಗಿರ್ತದೆ. ಆ ನೀರುನಾಯಿ ಪಾಪ..." ಎನ್ನುವಷ್ಟರಲ್ಲಿ ಮೇಘನಳ ಕೈ ಅವನ ಬಾಯಿ ಮುಚ್ಚುತ್ತದೆ.

ಹಾಲು ಹಾಕಲು ಬಂದ ಪ್ರದೀಪನ ಅಜ್ಜಿ ವನಜಮ್ಮ ಕ್ಯಾನು ಕೆಳಗಿಟ್ಟು ತೀರ್ಪು ಕೊಡುತ್ತಾರೆ. ಅವರೂ ಏಳೂ ಪುಸ್ತಕ ಓದಿದವರೇ. "ಎಂತ ಹೇಳ್ಲಿ ಭಾಗ್ಯ, ಬರೆದವರಿಗೆ ಅವಸರ ಇತ್ತು ಕಾಣ್ತದೆ. ಪಾಯಸಕ್ಕೆ ಬೆಲ್ಲ ಹಾಕಿ, ಒಂದು ಕುದಿ ಬರೋದರೊಳಗೆ ಇಳಿಸಿದ ಹಾಗೆ ಆಯ್ತು. ಸಿಹಿ ಉಂಟು, ಹೊಂದಿಕೊಂಡಿಲ್ಲ."

"ನೀನು ಎರಡು ಸಲ ಓದಿದ್ಯಲ್ಲ ಅಜ್ಜಿ!"

"ಪಾಯಸ ಕೆಟ್ಟಿದೆ ಅಂತ ಹೇಳ್ಲಿಕ್ಕೂ ಎರಡು ಸಲ ಬಡಿಸ್ಕೊಬೇಕು ಮಗ."

ಭಾಗ್ಯ ಎಲ್ಲರ ಮಾತನ್ನೂ ಕೇಳಿಸಿಕೊಂಡು ಸ್ಕೂಟರ್ ಏರುತ್ತಾರೆ. ಮುಂದಿನ ತಿರುವಿನಲ್ಲಿ ಕಾಯುವವರಿಗೆ ಡೇರಿಯ ಅಭಿಪ್ರಾಯ ಮುಟ್ಟಿಸಬೇಕು, ಅವರ ಉತ್ತರವನ್ನು ನಾಳೆ ಇಲ್ಲಿಗೆ ತರಬೇಕು. ಪೇಪರಿನ ಜೊತೆ ಇದನ್ನೂ ಹೊತ್ತು ವರ್ಷಗಳಾದವು. ಆದರೆ ಈಚೆಗೆ ಒಂದು ಅಳುಕು ಕೂತಿದೆ. ಈ ಜಗಳ ಇನ್ನೆಷ್ಟು ದಿನ ನಡೆದೀತು? ಆಮೇಲೆ ಚಳಿಯಲ್ಲಿ ಎದ್ದು ಬಂದು ತಿರುವಿನಲ್ಲಿ ಯಾರು ನಿಲ್ಲುತ್ತಾರೆ? "ಪೇಪರಿಗೆ ಯಾರೂ ಕಾಯಲ್ಲ. ಅದು ತಾನಾಗಿ ಬರ್ತದೆ ಅಂತ ಎಲ್ಲರಿಗೂ ಗೊತ್ತು. ಕಾಯ್ತಿದ್ದದ್ದು ಇದಕ್ಕೆ," ಎನ್ನುತ್ತಾರೆ.

ಅಂಥದ್ದರಲ್ಲಿ ಕೊನೆಯ ಕಟ್ಟು ಮೆಣಸೆಗೆ ಹೋದದ್ದು ವಾಪಸ್ ಬರಲೇ ಇಲ್ಲ. ಅಲ್ಲಿ ಅದನ್ನು ಓದಬೇಕಾದವಳು ಚೈತ್ರ ಒಬ್ಬಳೇ. ಅವಳಾದ ಮೇಲೆ ಭಾಗ್ಯ. ವಾರಗಳು ಕಳೆದವು. ಒಂದು ಭಾನುವಾರ, ಪೇಪರ್ ಹಾಕಿ ಮುಗಿಸಿ, ಸ್ಕೂಟರ್ ನಿಲ್ಲಿಸಿ, ಭಾಗ್ಯ ತಾವೇ ಬಸ್ ಹತ್ತುತ್ತಾರೆ.

ಚೈತ್ರಳ ತಾಯಿ ದೇವಕಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದವರು ಗಾಬರಿಯಾಗುತ್ತಾರೆ. "ಅಯ್ಯೋ, ಪೇಪರ್ ನಿಲ್ಲಿಸಿದ್ದಕ್ಕೆ ಜಗಳಕ್ಕೆ ಬಂದ್ರಾ ಭಾಗ್ಯಕ್ಕ? ಇವರು ಫೋನಲ್ಲೇ ನೋಡ್ತಾರೆ, ಸುಮ್ನೆ ಯಾಕೆ ಅಂತ..."

"ಜಗಳಕ್ಕಲ್ಲ ಮಾರಾಯ್ತಿ, ಕಾಫಿಗೆ."

ದೇವಕಿ ಕಾಫಿ ತಂದುಕೊಟ್ಟು ಮತ್ತೆ ಬಟ್ಟೆಯ ಕಡೆ ಹೋಗುತ್ತಾರೆ. ಚೈತ್ರ ಒಳಗಿನಿಂದ ಕಟ್ಟನ್ನು ತಂದು ಭಾಗ್ಯ ಅವರ ಮಡಿಲಿಗಿಡುತ್ತಾಳೆ. ಮೊದಲ ಪುಸ್ತಕದ ಕಾಲಕ್ಕೆ ನಾಲ್ಕನೇ ಕ್ಲಾಸಿನಲ್ಲಿದ್ದವಳು, ಈಗ ಪಿಯುಸಿ. ಭಾಗ್ಯ ಸುತಳಿಯನ್ನು ಬೆರಳಿನಿಂದ ಮುಟ್ಟುತ್ತಾರೆ. ತಮ್ಮದೇ ಗಂಟು. ಯಾರೂ ಎಳೆದಿಲ್ಲ.

"ಓದೇ ಇಲ್ವಾ?"

"ಇಲ್ಲ ಭಾಗ್ಯಕ್ಕ."

"ಎಂತಕ್ಕೆ?"

ಚೈತ್ರ ರಸ್ತೆಯ ಕಡೆ ನೋಡುತ್ತಾಳೆ. "ನಿಮ್ಮ ಕಟ್ಟು ಇದ್ರೆ ಲೋಕೇಶಣ್ಣ ನಮ್ಮ ತಿರುವಲ್ಲಿ ಹಾರ್ನ್ ಹಾಕ್ತಿದ್ರು. ನಾನು ಓಡ್ತಿದ್ದೆ. ಪೇಪರ್ ಅಂತೂ ನಿಂತ್ಹೋಯ್ತು. ಇದನ್ನೂ ಓದಿ ಕೊಟ್ಬಿಟ್ರೆ... ಇನ್ಯಾವತ್ತೂ ಹಾರ್ನ್ ಹಾಕಲ್ಲ ಅಲ್ದಾ?"

ಭಾಗ್ಯ ಕಾಫಿಯ ಲೋಟವನ್ನು ಕೆಳಗಿಡುತ್ತಾರೆ.

"ನಿಜ ಹೇಳ್ತೀನಿ ಚೈತ್ರ. ದಿನಾ ಬೆಳಿಗ್ಗೆ ಲೋಕೇಶನ್ನ ಕೇಳ್ತೀನಿ, ಬಂತಾ ಅಂತ. ಅವನು ಇಲ್ಲ ಅಂದ ಕೂಡ್ಲೇ ಒಳಗೊಳಗೇ ಸಮಾಧಾನ. ನಂದೂ ನಿಂದೇ ಕತೆ." ಕಟ್ಟನ್ನು ಹುಡುಗಿಯ ಕೈಗೇ ವಾಪಸ್ ಕೊಡುತ್ತಾರೆ. "ಆದ್ರೆ ಎಲ್ಲರ ಊಟ ಆಯ್ತು ಮಾರಾಯ್ತಿ. ನಾನು ಉಣ್ಣೋದು ಬೇಡ್ವಾ?"

"ನೀವೇ ಮೊದ್ಲು ಓದಿ. ತಗೊಂಡು ಹೋಗಿ."

"ಅದಾಗಲ್ಲ. ನೀನು ಓದು. ಓದಿದ್ಮೇಲೆ ಬಸ್ಸಿಗೆ ಹಾಕಬೇಡ, ನೀನೇ ತಾ. ಇಷ್ಟು ವರ್ಷ ಎಲ್ಲರ ಬಾಗಿಲಿಗೂ ನಾನು ಹಾಕಿದೀನಿ. ನನ್ನ ಬಾಗಿಲಿಗೆ ಯಾರೂ ಏನೂ ತಂದು ಹಾಕಿಲ್ಲ ನೋಡು. ಅದೊಂದು ಆಸೆ."

ಚೈತ್ರಳ ಮುಖ ಅರಳುತ್ತದೆ. "ನೀವು ಓದಿ ಮುಗಿಸೋ ತನಕ ಅಲ್ಲೇ ಕೂತಿರ್ಲಾ? ಆಮೇಲೆ ಜಗಳ ಆಡ್ಬಹುದು, ಚೆನ್ನಾಗಿದೆಯೋ ಇಲ್ವೋ ಅಂತ."

"ಅದಕ್ಕೇ ಬಾ ಅಂದದ್ದು."

ದೇವಕಿ ನಡುವೆ ಬಾಯಿ ಹಾಕುತ್ತಾರೆ: "ಅವಳು ಜಗಳಕ್ಕೆ ಕೂತ್ರೆ ಬೇಗ ಏಳಲ್ಲ. ಊಟಕ್ಕೂ ಹಾಕ್ಬೇಕಾಗ್ತದೆ, ಈಗ್ಲೇ ಹೇಳಿರ್ತೀನಿ."

ಮತ್ತೆ ಕೊಪ್ಪದ ನಿಲ್ದಾಣ, ಅದೇ ಕಟ್ಟೆ, ಅದೇ ಚಳಿ. ಇವತ್ತು ಭಾಗ್ಯ ಏನೂ ಕೇಳುವುದಿಲ್ಲ. ಶೃಂಗೇರಿಯ ಕಟ್ಟನ್ನು ಎತ್ತಿಕೊಳ್ಳುತ್ತ ಲೋಕೇಶನೇ ಹೇಳುತ್ತಾನೆ, "ಮೆಣಸೆಯಿಂದ ಇವತ್ತೂ ಏನೂ ಇಲ್ಲ ಭಾಗ್ಯಕ್ಕ. ಆದ್ರೆ ಆ ಹುಡುಗಿ ನಿನ್ನೆ ತಿರುವಲ್ಲಿ ನಿಂತು ಕೇಳಿದ್ಲು, ಕೊಪ್ಪಕ್ಕೆ ಬೆಳಿಗ್ಗೆ ಮೊದಲ ಬಸ್ ಯಾವುದು ಅಂತ."

ಭಾಗ್ಯ ತಲೆ ಎತ್ತುವುದಿಲ್ಲ. ಸುತಳಿಯನ್ನು ಎಳೆದು, ಗಂಟನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ.

"ಗೊತ್ತಿತ್ತು ನಂಗೆ," ಎನ್ನುತ್ತಾರೆ. "ನಮ್ಮನೆ ಗೇಟಿನ ಚಿಲಕ ಹಾಕದೇ ಬಂದಿದೀನಿ."