ಎಂಟನೆಯ ದನಿ

ಈ ಸಂಗತಿಯನ್ನು ಹಲವು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ನಾನು ಇನ್ನಷ್ಟು ಒಳ್ಳೆಯವನಾಗುತ್ತ ಹೋಗಿದ್ದೇನೆ. ಆದ್ದರಿಂದ ಈ ಸಲ ಕೆಟ್ಟದ್ದನ್ನು ಮೊದಲು ಬರೆದುಬಿಡುತ್ತೇನೆ: ಆ ದನಿಯನ್ನು ಹಿಡಿದುಕೊಟ್ಟವನು ನಾನೇ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಶಾಲೆಗಳಲ್ಲಿ ಬೆಳಗಿನ ಉರ್ದು ಪ್ರಾರ್ಥನೆ ಹಾಡಿಸುವ ಮಾಸ್ತರರಿಗೆ ಶಹಾಪುರದಲ್ಲಿ ಒಂದು ತಿಂಗಳ ತರಬೇತಿ. ಯಾದಗಿರಿಯಿಂದ ನಾನು, ಸುರಪುರದಿಂದ ಒಬ್ಬರು, ವಡಗೇರಾದಿಂದ ಒಬ್ಬರು, ಹೀಗೆ ಒಟ್ಟು ಒಂಬತ್ತು ಮಂದಿ. ಸರದಿಯಂತೆ ಒಬ್ಬ ಮುಂದೆ ನಿಂತು ಹಾಡಿಸಬೇಕು, ಉಳಿದ ಎಂಟು ಮಂದಿ ಹಾಡಬೇಕು. ಕೊನೆಯ ದಿನ ಪರೀಕ್ಷೆ, ಪಾಸಾದವರಿಗೆ ಸನದು. ನನ್ನದು ಹಂಗಾಮಿ ನೌಕರಿ. ಸನದು ಸಿಕ್ಕರೆ ಕಾಯಂ, ಇಲ್ಲದಿದ್ದರೆ ಮನೆ.

ಹೈದರಾಬಾದಿನಿಂದ ಕಲಿಸಲು ಬಂದ ಉಸ್ತಾದರು ಕೆಟ್ಟವರಲ್ಲ. ಅವರ ಕಿವಿಗೆ ಮಾತ್ರ ಕನಿಕರವಿರಲಿಲ್ಲ. ಎಂಟು ದನಿ ಒಂದೇ ದನಿಯಾಗಿ ಕೇಳಿಸಬೇಕು. ಸಾಲು ಮುಗಿದೊಡನೆ ಎಲ್ಲರೂ ಒಟ್ಟಿಗೆ ನಿಲ್ಲಿಸಿ ಒಟ್ಟಿಗೆ ಉಸಿರೆಳೆಯಬೇಕು. ಮುಂದೆ ನಿಂತವನು ತಾನು ಹಾಡಬಾರದು. ಹೊಂದದ ದನಿ ಯಾರದೆಂದು ಪತ್ತೆ ಹಚ್ಚಬೇಕು. ಮೊದಲ ವಾರ ನನ್ನ ಸರದಿ ಬಂದಾಗ ವಡಗೇರಾ ಮಾಸ್ತರರತ್ತ ತಟ್ಟನೆ ಬೆರಳು ಮಾಡಿದೆ.

“ಶಾಬಾಸ್!” ಎಂದರು ಉಸ್ತಾದರು. ಆಮೇಲೆ ಅವರತ್ತ ತಿರುಗಿ, “ಮಾಸ್ತರ್ ಸಾಬ್, ಹೋಟ್ ಹಿಲಾವ್, ಆವಾಜ್ ನಕ್ಕೋ” ಎಂದರು. ತುಟಿ ಆಡಿಸಿ, ದನಿ ಬೇಡ.

ಆ ಶಾಬಾಸ್ ನನಗೆ ಇಷ್ಟವಾಯಿತು. ಇದನ್ನು ಯಾವ ಸಲವೂ ಹೇಳಿರಲಿಲ್ಲ.

ವಡಗೇರಾ ಮಾಸ್ತರರು ನನಗಿಂತ ಹತ್ತು ವರ್ಷ ದೊಡ್ಡವರು, ಕುರಿ ಸಾಕುವ ಮನೆತನದವರು. ಊರಲ್ಲಿ ಡೊಳ್ಳಿನ ಹಾಡಿನ ಮೇಳದಲ್ಲಿ ಹಿಂದೆ ನಿಂತು ಹಾಡುತ್ತಿದ್ದರು. ಸುರಪುರದ ಮಾಸ್ತರ ಅವರನ್ನು ಕಾಡಿಸುತ್ತಿದ್ದ:

“ನಿಮ್ಮ ದನಿ ಕೇಳಿ ಕುರಿ ಬಂದ್ರ ಇಲ್ಲಿ ಮೇವು ಯಾರ ಹಾಕ್ತಾರ್ರಿ?”

“ನಿನ್ನ ತಲಿ ಮ್ಯಾಲ ಹಸರ ಪಟಗಾ ಅದಲ್ಲ ತಮ್ಮಾ, ಅದನ್ನ ಮೇಯ್ತಾವ ಬಿಡು.”

ಹಾಗೆಂದು ವಡಗೇರಾ ಮಾಸ್ತರರೂ ನಗುತ್ತಿದ್ದರು, ಆದರೆ ತರಗತಿಯಲ್ಲಿ ಹೇಳಿದಂತೆ ತುಟಿ ಮಾತ್ರ ಆಡಿಸುತ್ತಿದ್ದರು. ಮೂರನೆಯ ವಾರ ಕೆರೆಯಲ್ಲಿ ಬಟ್ಟೆ ಒಗೆಯುವಾಗ ನಾನೇ ಕೇಳಿದೆ: “ಅಣ್ಣಾರ, ನಿಮ್ಮ ಮ್ಯಾಳದ ಹಾಡೊಂದು ಅನ್ರಿ.”

ಅವರು ಅಂಗಿ ಹಿಂಡುವುದನ್ನು ನಿಲ್ಲಿಸಿ ಬಾಯಿ ತೆರೆದರು. ತುಟಿ ಆಡಿತು, ದನಿ ಬರಲಿಲ್ಲ.

“ನೋಡೋ ತಮ್ಮಾ, ಗಂಟಲಕ್ಕ ರೂಢಿ ಬಿದ್ದದ!” ಎಂದು ನಕ್ಕರು. ನನ್ನನ್ನು ಚುಚ್ಚಲೆಂದೇ ಹಾಗೆ ಮಾಡಿದರೋ ಏನೋ. ಎರಡನೆಯ ಸಲ ದನಿ ಬಂತು, ದಪ್ಪಗೆ, ಒರಟಾಗಿ. ಒಂದು ಸಾಲು ಹಾಡಿ ಹೇಳಿದರು: “ನಮ್ಮಾಗ ಎಲ್ಲಾರೂ ಒಮ್ಮೆಲೆ ದಮ್ ತಗೊಳ್ಳಂಗಿಲ್ಲ. ಮುಂದಿನಾಂವ ದಮ್ ತಗೊಂಡಾಗ ಹಿಂದಿನಾಂವ ಎಳದ ಹಿಡೀಬೇಕು. ಇಲ್ಲಂದ್ರ ಹಾಡಿನ್ಯಾಗ ತೂತು ಬೀಳ್ತದ. ನಿಮ್ಮ ಉಸ್ತಾದ ಬರೇ ತೂತ ಕಲಿಸಾಕತ್ತಾನ.”

ಮರುದಿನ ತರಗತಿಯಲ್ಲಿ ನನಗೆ ಪ್ರತಿ ಸಾಲಿನ ಕೊನೆಯಲ್ಲೂ ತೂತೇ ಕೇಳಿಸಿತು. ಆಮೇಲೆ ಬೇರೇನೂ ಕೇಳಿಸಲಿಲ್ಲ.

ಪರೀಕ್ಷೆಗೆ ಶಾಲೆಗಳ ತನಿಖೆಯ ಸಾಹೇಬರು ಬಂದು ಕುರ್ಚಿಯಲ್ಲಿ ಕುಳಿತರು. ವಡಗೇರಾ ಮಾಸ್ತರರ ಸರದಿ ನನಗಿಂತ ಮೊದಲೇ ಮುಗಿದಿತ್ತು. ಮುಂದೆ ನಿಂತವನು ಹಾಡುವಂತಿಲ್ಲವಲ್ಲ, ಅವರು ಸಲೀಸಾಗಿ ಪಾಸಾಗಿದ್ದರು. ಉಳಿದವನು ನಾನು. ಕೈ ಎತ್ತಿದೆ. ಅವರು ಎಂದಿನಂತೆ ತುಟಿ ಸಿದ್ಧ ಮಾಡಿಕೊಂಡು ನಿಂತಿದ್ದರು.

“ಅಣ್ಣಾರ, ದನಿ ಬಿಟ್ಟು ಹಾಡ್ರಿ,” ಎಂದೆ. “ಇವರೆಲ್ಲಾ ದಮ್ ತಗೊಂಡಾಗ ನೀವು ಎಳದ ಹಿಡೀರಿ.”

ಉಸ್ತಾದರು ಕೆಮ್ಮಿದರು. ಮಾಸ್ತರರು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. ನಾನು ಕೈ ಇಳಿಸಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಬಹಳ ಹೊತ್ತು ಎಂದು ಹೇಳುತ್ತ ಬಂದಿದ್ದೇನೆ, ಬಹುಶಃ ನಾಲ್ಕು ಉಸಿರಿನಷ್ಟು.

ಅವರು ಹಾಡಿದರು. ಅದ್ಭುತವಾಗಿ ಹಾಡಿದರು ಎಂದು ನಾನು ಹೇಳಲಿ ಅಂತ ಕೇಳುಗರು ಬಯಸುತ್ತಾರೆ. ಇಲ್ಲ. ಉರ್ದು ಪ್ರಾರ್ಥನೆಗೆ ಡೊಳ್ಳಿನ ಹಾಡಿನ ದನಿ ಹೊಂದಲೇ ಇಲ್ಲ. ಆದರೆ ಸಾಲು ಎಲ್ಲೂ ಕಡಿಯಲಿಲ್ಲ.

ಒಂದು ನುಡಿ ಮುಗಿಯುವಷ್ಟರಲ್ಲಿ ಸಾಹೇಬರು ಕೈ ಅಡ್ಡ ಹಿಡಿದರು. “ಇದೇನ್ರಿ, ಒಬ್ಬರ ಗಂಟಲು ಬಂಡಿ ಗಾಲಿಯಂಗ ಕಿರಗುಟ್ಟಾಕತ್ತದ. ಅವರನ್ನ ಸರಿಸಿ ಇನ್ನೊಮ್ಮೆ ಹಾಡಸ್ರಿ. ಸನದು ಬೇಕೋ ಬ್ಯಾಡೋ?”

“ಬೇಕ್ರಿ.”

“ಮತ್ತ?”

“ಅವರನ್ನ ಸರಸಂಗಿಲ್ರಿ.”

ವಡಗೇರಾ ಮಾಸ್ತರರೇ ಸಾಲಿನಿಂದ ಹೊರಗೆ ಕಾಲಿಟ್ಟು ಪಿಸುಗುಟ್ಟಿದರು: “ಹುಚ್ಚಪ್ಯಾಲಿ, ನನ್ನ ಸನದು ಆಗ್ಯಾದ. ನಾ ಸರೀತೀನಿ, ನೀ ಪಾಸಾಗು.”

“ನಿಮ್ಮ ಜಾಗಾದಾಗ ನಿಂದರ್ರಿ ಅಣ್ಣಾರ.”

ಅವರು ಕೇಳದಿದ್ದುದನ್ನು ಅವರಿಗೆ ಕೊಡಲು ಹೊರಟಿದ್ದೆ. ಅದು ಅವರಿಗಾಗಿಯೋ, ಆ ಮೊದಲ ಶಾಬಾಸನ್ನು ಉಗುಳಲಿಕ್ಕೋ, ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದರೂ ಬೇರೆ ಮಾಡುತ್ತಿರಲಿಲ್ಲ. ಆ ವರ್ಷದ ಮಳೆಗಾಲ ಬರುವುದರೊಳಗೆ ನನ್ನ ನೌಕರಿ ಹೋಯಿತು, ಅದೂ ನಿಜ.

ಅವರು ಬೈಯುತ್ತಲೇ ಸಾಲಿಗೆ ಮರಳಿದರು. ನಾನು ಮತ್ತೆ ಕೈ ಎತ್ತಿದೆ. ಎಂಟೂ ದನಿ ಎದ್ದವು. ಸಾಹೇಬರು ಕುರ್ಚಿ ಹಿಂದಕ್ಕೆ ತಳ್ಳಿ ಹೊರಟರು, ಉಸ್ತಾದರು ಅವರ ಹಿಂದೆ. ಬೂಟಿನ ಸದ್ದು ಪಡಸಾಲೆ ದಾಟುವಾಗ ನಾವು ಇನ್ನೂ ಎರಡನೆಯ ನುಡಿಯಲ್ಲಿದ್ದೆವು. ಮೂರನೆಯದನ್ನೂ ಹಾಡಿದೆವು.