ಸಾಕು ಎನ್ನದ ಕಾಲು

ಬೂಟು ಬಿಚ್ಚಿದಾಗ ಎಡಗಾಲಿನ ಬೆರಳುಗಳು ಮೇಣದ ಹಾಗೆ ಬೆಳ್ಳಗಿದ್ದವು.

ನೋವಿರಲಿಲ್ಲ. ನೋವಿಲ್ಲವೆಂಬುದೇ ನನ್ನನ್ನು ಹೆದರಿಸಬೇಕಿತ್ತು. ಆಗಲೇ ಹೆದರಿದ್ದೆನೋ, ಈಗ ಬರೆಯುವಾಗ ಹೆದರುತ್ತಿದ್ದೇನೋ, ಖಾತ್ರಿಯಿಲ್ಲ. ದಿನಚರಿಯಲ್ಲಿ ಆ ಸಂಜೆ ‘ಕಾಲು ತಣ್ಣಗಿದೆ, ನಾಳೆ ಸರಿಹೋಗಬಹುದು’ ಎಂದಷ್ಟೇ ಬರೆದಿದ್ದೇನೆ.

ನಾವಿದ್ದದ್ದು ಹಿಮಾಲಯದ ಕುಮಾಊಂ ಬೆಟ್ಟಗಳ ಹಿಮನದಿಯೊಂದರ ಮೇಲೆ. ಬಿಜಾಪುರ ಜಿಲ್ಲೆಯ ಇಂಡಿ ಊರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನಾನು ಅಲ್ಲಿಯವರೆಗೆ ಹಿಮನದಿಯನ್ನು ಬೋರ್ಡಿನ ಮೇಲಷ್ಟೇ ಕಂಡಿದ್ದೆ. ಧಾರವಾಡದಲ್ಲಿ ಜೊತೆಗೆ ಎಂ.ಎ. ಓದಿದ ಬಸವನ ಬಾಗೇವಾಡಿಯ ಶಾಂತಾ, ಹೆಣ್ಣುಮಕ್ಕಳ ಪರ್ವತಾರೋಹಣ ತಂಡವೊಂದಕ್ಕೆ ಇಬ್ಬರ ಹೆಸರನ್ನೂ ಕೊಟ್ಟಿದ್ದಳು. ಹಿಮನದಿ ದಾಟುವ ದಿನ ಗಾಳಿ ಎದ್ದಿತು. ಹಗ್ಗ ಹಿಡಿದು ನಿಂತಲ್ಲೇ ನಿಂತೆವು. ಕಾಲುಚೀಲ ಒದ್ದೆಯಾಗಿತ್ತು. ಮುಂದಿನವಳ ಬೆನ್ನೂ ಕಾಣುತ್ತಿರಲಿಲ್ಲ, ಹಗ್ಗ ಮಾತ್ರ ಒಮ್ಮೊಮ್ಮೆ ಜಗ್ಗುತ್ತಿತ್ತು. ಜಗ್ಗದಿದ್ದಾಗ ಅವಳು ಬಿದ್ದಳೇನೋ ಅಂದುಕೊಳ್ಳುತ್ತಿದ್ದೆ.

ಕೆಳಗಿನ ಶಿಬಿರದ ಡಾಕ್ಟರ್ ನೋಡಿ ಫ್ರಾಸ್ಟ್‌ಬೈಟ್ ಎಂದರು. ಬ್ಯಾಂಡೇಜ್ ಸುತ್ತಿದರು. ನಡೆಯಬಾರದು, ಬಿಸಿ ತಾಗಿಸಬಾರದು ಎಂದರು. ವಾಪಸು ಬರುವ ರೈಲಿನಲ್ಲಿ ನನಗೆ ಜ್ವರ ಏರಿತು. ಇಂಡಿ ರೋಡ್ ಸ್ಟೇಶನ್ನಿನಲ್ಲಿ ಅಣ್ಣ ನನ್ನನ್ನು ಎತ್ತಿ ಇಳಿಸಿಕೊಂಡನಂತೆ. ನಮ್ಮೂರು ತಾಂಬಾದ ಮನೆ ತಲುಪಿದ ಮೇಲಿನದು ನೆನಪಿರುವುದು ತುಂಡುತುಂಡಾಗಿ.

ನೆರೆಮನೆಯ ಗಂಗವ್ವ ಬಾಗಿಲಲ್ಲಿ ನಿಂತು, “ಬಿಸಲಾಗ ಬೆಳದ ಹುಡಿಗ್ಯಾರು ಬರ್ಫ ತುಳ್ಯಾಕ ಹ್ವಾದ್ರ ಹಿಂಗ ಆಗತೈತಿ. ಅಡ್ಡಾಡಾಕ ನಮ್ಮೂರಾಗ ನೆಲಾ ಸಾಲಲಿಲ್ಲೇನು?” ಅಂದದ್ದು ನೆನಪಿದೆ.

“ನಿನ್ನ ಮಗಳು ಮೊದಲ ಸಿಂದಗಿಗೆ ಒಬ್ಬಾಕೀನ ಹೋಗಿ ಬರಲಿ. ಆಮ್ಯಾಲ ಮಾತಾಡುವಂತಿ,” ಎಂದು ಅವ್ವ ಅವಳನ್ನು ಕಳಿಸಿದಳು.

ಮನೆಯವರೆಗೆ ನನ್ನ ಜೊತೆ ಬಂದಿದ್ದ ಶಾಂತಾ ತನ್ನೂರಿಗೆ ಹೊರಡುವಾಗ, ಕಾಲಿಗೆ ಬಿಸಿನೀರು ಹಾಕಬೇಡಿರೆಂದು ಅವ್ವನಿಗೆ ಹೇಳಿದ್ದಳು. ಅವ್ವ ನೀರು ಹಾಕಲಿಲ್ಲ. ನಮ್ಮಲ್ಲಿ ಜೋಮು ಹಿಡಿದ ಕಾಲಿಗೂ ಬಾಣಂತಿಯ ಸೊಂಟಕ್ಕೂ ಒಂದೇ ಮದ್ದು. ಇಟ್ಟಿಗೆಯನ್ನು ಒಲೆಯಲ್ಲಿ ಕಾಯಿಸಿ, ಹಳೆಯ ಅರಿವೆಯಲ್ಲಿ ಸುತ್ತಿ, ಮೈಗೆ ಒತ್ತಿ ಕಾಸುವುದು. ಕಾಸುವವರು ಅರಿವೆಯ ದಪ್ಪ ಮಡಿಕೆ ಹಿಡಿದಿರುವುದರಿಂದ ಅವರಿಗೆ ಬಿಸಿ ಅಷ್ಟಾಗಿ ತಿಳಿಯುವುದಿಲ್ಲ. ಮಲಗಿದವರು ‘ಸಾಕು’ ಅನ್ನಬೇಕು. ಅಲ್ಲಿಯವರೆಗೆ ಆರಿದ ಇಟ್ಟಿಗೆ ತೆಗೆದು ಕಾದದ್ದು ಇಡುತ್ತಾರೆ.

ನಾನು ಸಾಕು ಅನ್ನಲಿಲ್ಲ.

“ಬಿಸಿ ಹತ್ತೇತೇನ ತಂಗಿ ಅಂತ ಕೇಳಿದ್ನೆಲ್ಲ. ಇಲ್ಲಬೇ ಅಂದಿ ನೀ,” ಎನ್ನುತ್ತಾಳೆ ಅವ್ವ. ಆ ಪ್ರಶ್ನೆಯೂ ಉತ್ತರವೂ ನನಗೆ ನೆನಪಿಲ್ಲ. ಹಣೆಯ ಮೇಲೆ ಅವಳ ಕೈ ಇದ್ದದ್ದು ನೆನಪಿದೆ. ಆದರೆ ಅವಳು ಕೂತಿದ್ದದ್ದು ಕಾಲ ಬಳಿ. ಕೈ ಹಣೆಗೆ ಹೇಗೆ ಬಂತು? ಈ ನೆನಪನ್ನು ನಾನೇ ಆಮೇಲೆ ಹೊಲಿದುಕೊಂಡಿರಬಹುದು.

ವಾಸನೆ ಬರತೊಡಗಿದಾಗ ಅಣ್ಣ ಬ್ಯಾಂಡೇಜ್ ಬಿಚ್ಚಿದ. ಬೆರಳುಗಳು ಕಪ್ಪಾಗಿದ್ದವು. ಪಾದದ ಮೇಲೆ ಬೊಬ್ಬೆಗಳು ಒಡೆದಿದ್ದವು. ಅವನು ಜೀಪು ತರಲು ಹೋದ.

ಬಿಜಾಪುರದ ಆಸ್ಪತ್ರೆಯಲ್ಲಿ ಸರ್ಜನ್, “ಯಾರು ಕಾಸಿದ್ರಿ?” ಎಂದು ಕೇಳಿದರು.

“ನಾನ್ರಿ,” ಎಂದಳು ಅವ್ವ.

ಅವರು ಗದರಲಿಲ್ಲ. “ತಂಡಿಗೆ ಸತ್ತ ಚರ್ಮಕ್ಕ ಬಿಸಿ ಗೊತ್ತಾಗೂದಿಲ್ರಿ ತಾಯಿ. ಸುಟ್ಟೈತಿ. ಈಗ ಸೆಪ್ಟಿಕ್ ಆಗೇತಿ.” ಆಮೇಲೆ ಅಣ್ಣನ ಕಡೆ ತಿರುಗಿದರು. “ಗ್ಯಾಂಗ್ರೀನ್ ಎಲ್ಲಿ ನಿಂದರತೈತಿ ನೋಡೂಣು. ಬೆರಳಿನ ಬುಡಕ್ಕ ನಿಂತ್ರ ಬೆರಳಷ್ಟ. ಮ್ಯಾಲ ಏರಿದ್ರ ಪಾದಾನ ತಗೀಬೇಕಾಗತೈತಿ.”

ಪಾದ.

ಡ್ರೆಸಿಂಗ್ ಆದಾಗಲೆಲ್ಲ ನರ್ಸ್ ಕಪ್ಪಿನ ಅಂಚಿಗೆ ಶಾಯಿಯ ಗೆರೆ ಎಳೆಯುತ್ತಿದ್ದಳು. ಮರುದಿನ ಕಪ್ಪು ಆ ಗೆರೆಯನ್ನು ದಾಟಿರುತ್ತಿತ್ತು. ನಾನು ನೋಡುತ್ತಿರಲಿಲ್ಲ, ನರ್ಸಿನ ಮುಖ ನೋಡುತ್ತಿದ್ದೆ. ಬೆಟ್ಟದ ಮೇಲೆ ಹೆದರಿಕೆ ಹೊರಗಿತ್ತು, ಗಾಳಿ ನಿಂತರೆ ಅದೂ ನಿಲ್ಲುತ್ತದೆಂಬ ಆಸೆಯಿತ್ತು. ಇಲ್ಲಿ ಅದು ನನ್ನದೇ ಮೈಯಲ್ಲಿ, ಹೊದಿಕೆಯ ಕೆಳಗೆ, ನಾನು ಅತ್ತ ನೋಡದಿದ್ದರೂ ತನ್ನ ಪಾಡಿಗೆ ಮೇಲೇರುತ್ತಿತ್ತು.

ಅವ್ವ ನನ್ನನ್ನು ಮುಟ್ಟುವುದನ್ನೇ ಬಿಟ್ಟಳು. ಗೋಡೆಗೆ ಒರಗಿ ದೂರ ಕೂರುತ್ತಿದ್ದಳು.

“ಅವ್ವಾ, ಹೊದಿಕಿ ಒಂದೀಟ ಎಳಿಬೇ.”

“ತಡಿ, ನರ್ಸಬಾಯಾರಿಗೆ ಹೇಳ್ತೇನಿ.”

ಕೊನೆಗೆ ಕಪ್ಪು ನಿಂತಿತು. ಒಂದು ದಿನ ದಾಟಲಿಲ್ಲ, ಮರುದಿನವೂ ದಾಟಲಿಲ್ಲ. ನರ್ಸ್ ನಗದೆ, “ನಿಂತಂಗ ಕಾಣತೈತ್ರಿ,” ಎಂದಳು. ಆಪರೇಶನ್ನಿನಲ್ಲಿ ಕಿರುಬೆರಳ ಕಡೆಯ ಮೂರು ಬೆರಳು ಹೋದವು. ಆದರೂ ಉಳಿದ ಪಾದದಲ್ಲಿ ಜೀವವಿದೆಯೋ ಇಲ್ಲವೋ ಯಾರೂ ಹೇಳಲೊಲ್ಲರು. ರಕ್ತ ಹರಿಯದಿದ್ದರೆ ಮತ್ತೆ ಕತ್ತರಿಸಬೇಕಾಗಬಹುದೆಂದು ಸರ್ಜನ್ ಮೊದಲೇ ಹೇಳಿದ್ದರು. ಅವರು ದಿನವೂ ಬಂದು ಅಂಗಾಲಿಗೆ ಸೂಜಿಯ ಮೊನೆ ತಾಗಿಸಿ, “ಏನರ ಗೊತ್ತಾತೇನ್ರಿ ಟೀಚರ?” ಎಂದು ಕೇಳುತ್ತಿದ್ದರು. ಇಲ್ಲವೆನ್ನಲು ಭಯವಾಗುತ್ತಿತ್ತು.

ಒಂದು ಬೆಳಿಗ್ಗೆ ಹೆಬ್ಬೆರಳಿನ ಕೆಳಗೆ ಬೆಂಕಿ ಹೊಕ್ಕಂತಾಯಿತು. ಕೂಗಿಬಿಟ್ಟೆ.

ಅವ್ವ ಗೋಡೆ ಬಿಟ್ಟು ಎದ್ದು ಬಂದಳು. ಸೂಜಿಗೂ ಕಾಲಿಗೂ ನಡುವೆ ಕೈ ಒಡ್ಡಿ, ಎರಡೂ ಕೈಯಿಂದ ನನ್ನ ಹಿಮ್ಮಡಿ ಹಿಡಿದುಕೊಂಡಳು. “ಯಾಕ್ರಿ ಚುಚ್ಚತೀರಿ ಆ ಕೂಸಿಗೆ?”

“ನೋವಾತಂದ್ರ ಜೀವ ಐತ್ರಿ ತಾಯಿ. ಕಾಲು ಬಿಡ್ರಿ, ಇನ್ನೊಂದು ಕಡೆ ನೋಡೂಣು.”

ಅವಳು ಬಿಡಲಿಲ್ಲ. ಸರ್ಜನ್ ಅವಳ ಬೆರಳುಗಳ ಸಂದಿಯಲ್ಲೇ ಸೂಜಿ ತಾಗಿಸಿ ನೋಡಿದರು. ಅಲ್ಲೂ ನೋಯಿತು.

ಈಗ ತಾಂಬಾದಲ್ಲಿದ್ದೇನೆ. ಚಪ್ಪಲಿಯ ಮುಂದಿನ ಖಾಲಿಗೆ ಅರಳೆ ತುಂಬಿಕೊಂಡು ಅಂಗಳದವರೆಗೆ ನಡೆಯುತ್ತೇನೆ. ಉಳಿದೆರಡು ಬೆರಳುಗಳ ಬಗ್ಗೆ ಡಾಕ್ಟರ್ ಇನ್ನೂ ಭರವಸೆ ಕೊಟ್ಟಿಲ್ಲ. ಈಗಲೂ ಬೆಳಿಗ್ಗೆ ಎದ್ದೊಡನೆ ಮೊದಲು ಹೊದಿಕೆ ಸರಿಸುತ್ತೇನೆ. ಬಣ್ಣ ನೋಡಿದ ಮೇಲೆಯೇ ಉಸಿರು.

“ಗಡಿಬಿಡಿ ಯಾಕ?” ಎಂದು ಅವ್ವ ಹಿಂದಿನಿಂದ ಹೇಳುತ್ತಾಳೆ. “ಹಿಮಾಲಯ ಏನ್ ಓಡಿ ಹೋಗಂಗಿಲ್ಲ.”

ಹೊಸ್ತಿಲು ದಾಟುವಾಗ ಅವಳ ಭುಜ ಹಿಡಿಯುತ್ತೇನೆ. ಎಷ್ಟು ಜೋಕೆ ಮಾಡಿದರೂ ಹೆಬ್ಬೆರಳು ತಾಗುತ್ತದೆ, ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತದೆ. ನಿಲ್ಲುತ್ತೇನೆ. ಅದು ಇಳಿಯುವವರೆಗೆ ಅವ್ವನೂ ನಿಲ್ಲುತ್ತಾಳೆ. ಆಮೇಲೆ ಇನ್ನೊಂದು ಹೆಜ್ಜೆ ಇಡುತ್ತೇನೆ.