ಮಗಳು ಕನ್ನಡ ಮಾತಾಡಿದ ಭಾನುವಾರ

ನಮ್ಮ ಪಕ್ಕದ ಮನೆಯವರು ಬೀದರ್ ಕಡೆಯವರು, ಮರಾಠಿ ಸೀಮೆಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದರು. ಬದನೆಕಾಯಿಯನ್ನೂ ಬೆಳಕಿಗೆ ಹಿಡಿದು ತಿರುಗಿಸಿ, "ನೋಡೇ ತಗೋಬೇಕ್ರಿ" ಎನ್ನುತ್ತಿದ್ದರು. ತರಗತಿಗೇ ಮೊದಲಿಗಳಾಗಿದ್ದ ಮಗಳಿಗಾಗಿ ನಾಲ್ಕು ಹೈಸ್ಕೂಲು ಸುತ್ತಿದರು. ಪ್ರಯೋಗಾಲಯ, ಶೌಚಾಲಯ, ಅಡುಗೆಮನೆ ಎಲ್ಲವನ್ನೂ ನೋಡಿ, ಸಂಭಾಜಿನಗರದ ಒಂದು ವಸತಿ ಶಾಲೆಗೆ ಸೇರಿಸಿದರು.

ಪ್ರತಿ ಭಾನುವಾರ ಅವಳು ವಾರ್ಡನ್ ಎದುರಿಗೆ ಕೂತು ಫೋನ್ ಮಾಡುತ್ತಿದ್ದಳು. ಇವರು ಕನ್ನಡದಲ್ಲಿ ಕೇಳಿದರೆ, ಚಿಕ್ಕಂದಿನ ರೂಢಿಯಂತೆ, ಅವಳ ಉತ್ತರ ಮರಾಠಿಯಲ್ಲಿ. ಒಂದು ಭಾನುವಾರ ನಾನೂ ಅವರ ಮನೆಯಲ್ಲಿದ್ದೆ. ಸ್ಪೀಕರಿನಲ್ಲಿ ತಡವರಿಸುವ ಕನ್ನಡ ಕೇಳಿತು: "ಅಪ್ಪಾ, ನನಗ ಇಲ್ಲಿ ಅಂಜಿಕಿ ಆಗ್ತದ. ಕರ್ಕೊಂಡ್ ಹೋಗ್ರಿ."

ಅವರ ಮುಖ ಅರಳಿತು. "ಕೇಳಿದ್ರ್ಯಾ? ನಮ್ಮ ಅವ್ವ ಮಾತಾಡಿದಂಗ ಆತು! ಇನ್ನೊಮ್ಮೆ ಅನ್ನವ್ವಾ."

ಅವಳು ಇನ್ನೊಮ್ಮೆ ಅಂದಳು.

ಅಂಕ ಕಡಿಮೆಯಾದವರನ್ನು ಆ ಶಾಲೆಯಲ್ಲಿ ಬಿಸಿಲಿಗೆ ನಿಲ್ಲಿಸುತ್ತಿದ್ದರಂತೆ. ಹೊಸ ಶಾಲೆಯಲ್ಲಿ ಇವಳೂ ಹಿಂದೆ ಬಿದ್ದಿದ್ದಳು. ಆ ಫೋನಿನ ಹತ್ತು ದಿನದ ಮೇಲೆ ಬಿಸಿಲಿನಲ್ಲೇ ಕುಸಿದು ಬಿದ್ದವಳಿಗೆ ಇನ್ನೂ ಎಚ್ಚರ ಬಂದಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅವರು ನನ್ನ ಕೈ ಹಿಡಿದುಕೊಂಡರು.

"ವಾರ್ಡನ್‌ಗ ತಿಳೀಬಾರದಂತ ಕನ್ನಡದಾಗ ಹೇಳ್ಯಾಳ್ರಿ ಅಕಿ. ನಿಮಗೂ ತಿಳೀಲಿಲ್ಲೇನ್ರಿ?"

ಆ ಭಾನುವಾರ ನಾನು ಚಪ್ಪಾಳೆ ತಟ್ಟಿದ್ದೆ.